ನಮ್ಮ ಮನೆಯಲ್ಲಿಲ್ಲದ ಬೆಕ್ಕು

ಪರದೇಶದಿಂದ ನಮ್ಮಲ್ಲಿಗೆ ಬರುವವರಿಗೆ ಬುದ್ಧಿ ಹೇಳಲು ಬೇಕಾದಷ್ಟು ಜನರಿದ್ದಾರೆ. ನಲ್ಲಿ ನೀರು ಕುಡಿಯಬೇಡಿ, ಹೆಚ್ಚಿಟ್ಟ ಹಣ್ಣು ತಿನ್ನಬೇಡಿ, ಆಟೋದವನ ಮೊದಲ ಮಾತಿಗೆ ಒಪ್ಪಬೇಡಿ, ಎಡಗೈಯಲ್ಲಿ ಏನನ್ನೂ ಕೊಡಬೇಡಿ, ಯಾರಾದರೂ ತಲೆಯಾಡಿಸಿದರೆ ಅದು ಹೌದೋ ಅಲ್ಲವೋ ಎಂದು ಇನ್ನೊಮ್ಮೆ ಕೇಳಿ. ಇಂಟರ್ನೆಟ್ ತೆರೆದರೆ ಸಾಕು, ಉಪದೇಶಾಮೃತ ಹೊಳೆಯಾಗಿ ಹರಿಯುತ್ತದೆ. ಆದರೆ ಆ ಪರದೇಶದವರು ಬಂದು ಇಳಿದುಕೊಳ್ಳುವ ಮನೆಯ ಹೆಂಗಸಿಗೆ ನಾಲ್ಕು ಬುದ್ಧಿಮಾತು ಹೇಳುವ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ. ಆ ಹೆಂಗಸು ನಾನು. ಹೆಸರು ರಂಜನಿ. ವಾಸ ಚೆನ್ನೈನ ವೆಸ್ಟ್ ಮಾಂಬಲಂ, ಮೂರನೆಯ ಮಹಡಿ. ಲಿಫ್ಟ್ ಇದೆ (ಎಂದು ಬಿಲ್ಡರ್ ಹೇಳಿದ್ದ).

ಅವತ್ತು ನಮ್ಮವರು ಪೆರುಂಗುಡಿಯ ಆಫೀಸಿನಿಂದ ಬಂದವರು ಷೂ ಬಿಚ್ಚುವ ಮೊದಲೇ ನನ್ನನ್ನು ಹೊಗಳಿದರು. ಮೇ ತಿಂಗಳ ಕತ್ತಿರಿ ಬಿಸಿಲಿನಲ್ಲಿ ಬೆವರು ಒರೆಸಿಕೊಳ್ಳದೆ ಹೆಂಡತಿಯನ್ನು ಹೊಗಳುವ ಗಂಡಸನ್ನು ನಂಬಬಾರದು.

‘ನಿನ್ನ ಕೈ ಸಾರು ಈ ಮಾಂಬಲಂನಲ್ಲೇ ಯಾರಿಗೂ ಬರಲ್ಲ ಕಣೇ ರಂಜನಿ.’

‘ಯಾರು ಬರ್ತಿದಾರೆ?’ ಎಂದೆ.

ನಮ್ಮವರ ಹೆಸರು ಮುರಳೀಧರ. ಯಾರಿಗೂ ‘ಇಲ್ಲ’ ಎನ್ನಲಾಗದ ಕಾಯಿಲೆ ಅವರಿಗೆ ಹುಟ್ಟಿನಿಂದಲೇ ಇದೆ. (ನನ್ನೊಬ್ಬಳ ಮಟ್ಟಿಗೆ ಆ ಕಾಯಿಲೆ ಮದುವೆಯಾದ ಹೊಸದರಲ್ಲೇ ವಾಸಿಯಾಯಿತು.)

‘ಆಫೀಸಿನ ಎಸ್ಟೋನಿಯಾ ಬ್ರಾಂಚಿಂದ ಒಬ್ಬಳು ಹುಡುಗಿ. ಹೋಟೆಲ್ ಬೇಡವಂತೆ. ಒಂದು ದೇಶ ತಿಳೀಬೇಕಾದ್ರೆ ಅಲ್ಲಿಯೋರ ಮನೇಲಿ ಇರಬೇಕಂತೆ. ಮೀಟಿಂಗಲ್ಲಿ ಎಲ್ಲರೂ ಸುಮ್ನೆ ಕೂತಿದ್ರು, ಪಾಪ ಅನ್ನಿಸ್ತು. ನಾ ಕೈ ಎತ್ತಿಬಿಟ್ಟೆ.’

‘ಎತ್ತಿದ ಕೈನ ಹಾಗೇ ಇಳಿಸಿಬಿಡಿ.’

‘ಅದು ಹೇಗಾಗತ್ತೆ? ಎಲ್ಲರೂ ನೋಡಿದಾರೆ.’

ಅತಿಥಿಗಳ ಮೇಲೆ ನನಗೆ ದ್ವೇಷವಿಲ್ಲ. ಸುಸ್ತು, ಅಷ್ಟೆ. ಸ್ಟೇಷನ್ನಿನಿಂದ ನಡೆದೇ ಬರಬಹುದು ಎಂಬುದು ನಮ್ಮ ಮನೆಯ ಜಾತಕದಲ್ಲಿರುವ ದೋಷ. ತಿರುಪತಿಗೆ ಹೋಗುವವರು, ಕಣ್ಣಿನ ಆಪರೇಷನ್ನಿಗೆ ಬರುವವರು, ಡಿಸೆಂಬರಿನಲ್ಲಿ ಸಂಗೀತ ಕಚೇರಿ ಕೇಳುವವರು, ರಂಗನಾಥನ್ ಬೀದಿಯಲ್ಲಿ ಮದುವೆ ಜವಳಿ ಕೊಳ್ಳುವವರು, ಎಲ್ಲರೂ ನಮ್ಮ ಹಾಲ್‌ನಲ್ಲಿ ಚಾಪೆ ಹಾಸಿದವರೇ. ಕೊನೆಯ ತಂಡ ಹೋಗಿ ಅವರ ದಿಂಬಿನ ಕವರುಗಳು ಇನ್ನೂ ಒಣಗಿರಲಿಲ್ಲ. ನೀರಿನ ಲಾರಿ ಒಂದು ದಿನ ಬಂದರೆ ಎರಡು ದಿನ ಬರುತ್ತಿರಲಿಲ್ಲ. ಈ ಸ್ಥಿತಿಯಲ್ಲಿ ಎಸ್ಟೋನಿಯಾ. ಅದು ಎಲ್ಲಿದೆ ಎಂದು ನೋಡಲು ಭೂಪಟ ತೆರೆದೆ. ಬೇಗ ಸಿಗಲೂ ಇಲ್ಲ.

ಆಗ ನನಗೊಂದು ದಿವ್ಯವಾದ ಯೋಚನೆ ಬಂತು. ನನ್ನ ದಿವ್ಯ ಯೋಚನೆಗಳಿಗೆ ಮನೆಯಲ್ಲಿ ಒಳ್ಳೆಯ ಹೆಸರಿಲ್ಲ, ಆದರೂ ಬಂತು.

‘ಏನ್ರೀ, ಆ ಹುಡುಗಿಗೆ ಒಂದು ವಿಡಿಯೋ ಕಾಲ್ ಹಾಕಿಕೊಡಿ. ಬರೋ ಮುಂಚೆ ನಮ್ಮ ಮನೆ ಪದ್ಧತಿ ತಿಳ್ಕೊಂಡಿದ್ರೆ ಅವಳಿಗೇ ಒಳ್ಳೇದು.’

ನನ್ನ ದನಿಯಲ್ಲಿದ್ದ ಅತಿಯಾದ ಸಿಹಿ ನಮ್ಮವರಿಗೆ ತಿಳಿಯಲಿಲ್ಲ. ನಂಬರ್ ಒತ್ತಿ ಕೊಟ್ಟರು.

ಪರದೆಯ ಮೇಲೆ ಜೋಳದ ತೆನೆಯ ನೂಲಿನಂಥ ಕೂದಲಿನ ಹುಡುಗಿಯೊಬ್ಬಳು ನಗುತ್ತಿದ್ದಳು. ಹೆಸರು ಕದ್ರಿ ಎಂದಳು. ನಾನು ಇನ್ನೊಮ್ಮೆ ಕೇಳಿದೆ. ಕದ್ರಿಯೇ. ಅವರ ಕಡೆ ಅದು ಮನೆಮನೆಗೊಂದು ಇರುವ ಹೆಸರಂತೆ. (ಅವಳ ಇಂಗ್ಲಿಷು, ನನ್ನ ಇಂಗ್ಲಿಷು ಎರಡೂ ಇಲ್ಲಿ ಕನ್ನಡದಲ್ಲಿಯೇ ಮಾತಾಡುತ್ತವೆ. ಓದುಗರು ಸಹಿಸಿಕೊಳ್ಳಬೇಕು.)

ನಾನು ಗಂಟಲು ಸರಿಮಾಡಿಕೊಂಡು ಶುರುಮಾಡಿದೆ. ‘ನೋಡಮ್ಮಾ ಕದ್ರಿ, ನಮ್ಮದು ತುಂಬಾ ಮಡಿಯ ಮನೆ. ಬೆಳಕು ಹರಿಯೋ ಮುಂಚೆ ತಣ್ಣೀರು ಸ್ನಾನ. ಸ್ನಾನ ಆಗದೆ ಅಡುಗೆಮನೆ ಹೊಸಿಲು ದಾಟೋ ಹಾಗಿಲ್ಲ, ಕಾಫಿಯಂತೂ ಕೇಳಲೇಬೇಡ. ಮಡಿಯಲ್ಲಿರೋ ನಮ್ಮ ಅತ್ತೆಯನ್ನ ಮುಟ್ಟೋ ಹಾಗಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಹೆಸರೆತ್ತೋ ಹಾಗಿಲ್ಲ. ಊಟ ನೆಲದ ಮೇಲೆ, ಮಲಗೋದು ಚಾಪೆ ಮೇಲೆ. ಏಕಾದಶಿ ದಿನ ಮನೇಲಿ ಒಲೆ ಹಚ್ಚಲ್ಲ. ಎಲ್ಲರೂ ತೊಟ್ಟು ನೀರೂ ಕುಡೀದೆ ಉಪವಾಸ. ನೀ ಇರೋ ವಾರದಲ್ಲೇ ಏಕಾದಶಿ ಬೇರೆ ಬರತ್ತೆ. ಹತ್ತಿರದಲ್ಲಿ ಒಳ್ಳೊಳ್ಳೆ ಹೋಟೆಲ್ಲುಗಳಿವೆ. ಯೋಚನೆ ಮಾಡು.’

ಪಕ್ಕದಲ್ಲಿ ನಮ್ಮವರು ಬಾಯಿ ತೆರೆದುಕೊಂಡು ಕೂತಿದ್ದರು. ನಾನು ಹೇಳುತ್ತಿದ್ದ ಮನೆ ಯಾರದೆಂದು ಅವರಿಗೆ ಹೊಳೆಯಲಿಲ್ಲವೆಂದು ತೋರುತ್ತದೆ.

ಕದ್ರಿಯ ಕಣ್ಣು ತುಂಬಿ ಬಂತು. ‘ಮೇಡಂ, ನಾನು ಓದಿದ ಸಲಹೆಗಳಲ್ಲೆಲ್ಲ ಅದು ತಿನ್ನಬೇಡ, ಇದು ಮುಟ್ಟಬೇಡ, ಯಾರನ್ನೂ ನಂಬಬೇಡ ಅಂತಲೇ ಇತ್ತು. ನೋಡೋಕೆ ಹೋಗೋರು ಹೀಗೆ ಮೂಗು ಮುಚ್ಚಿಕೊಂಡು ಯಾಕೆ ಹೋಗಬೇಕು ಅಂತ ನನಗೆ ಬೇಜಾರಾಗಿತ್ತು. ನನ್ನನ್ನ ಮನೆಯವಳ ಹಾಗೆ ಅಂದ್ಕೊಂಡು ನಿಯಮ ಹೇಳಿದೋರು ನೀವೇ ಮೊದಲು. ಎಲ್ಲಾ ಪಾಲಿಸ್ತೀನಿ. ಒಂದನ್ನೂ ಬಿಡಲ್ಲ.’

ಫೋನ್ ಇಟ್ಟ ಮೇಲೆ ನಮ್ಮ ಮಗಳು ವಿಭಾ ರೂಮಿನಿಂದಲೇ ಕೂಗಿದಳು. ‘ಸೂಪರ್‌ಮಾ! ಇಪ್ಪೋ ನೀಯೇ ಕಾಲೈಲೆ ಕುಳಿ!’ (ಇವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಇನ್ನು ಬೆಳಗಾಗೆದ್ದು ನೀನೇ ಸ್ನಾನಮಾಡು ಎಂದು ಇದರ ತಾತ್ಪರ್ಯ.)

ಈಗ ನಮ್ಮ ಮನೆಯ ನಿಜವಾದ ಪದ್ಧತಿಯನ್ನು ಹೇಳಬೇಕು. ನಮ್ಮತ್ತೆ ಅಂಬುಜಮ್ಮನವರಿಗೆ ಎಂಬತ್ತು ಹತ್ತಿರವಾಗಿದೆ. ಮಡಿಯ ವಿಷಯದಲ್ಲಿ ಒಂದು ಕಾಲಕ್ಕೆ ಇಡೀ ತಿರುವಲ್ಲಿಕ್ಕೇಣಿ ಬಡಾವಣೆಯನ್ನೇ ನಡುಗಿಸಿದವರು. ನಾನು ಈ ಮನೆಗೆ ಬಂದ ಮೇಲೆ ನಾವಿಬ್ಬರೂ ಬಹಳ ವರ್ಷ ಜಗಳವಾಡಿ, ಕೊನೆಗೆ ಇಬ್ಬರಿಗೂ ಸಾಕಾಗಿ, ಬಾಯಿಬಿಟ್ಟು ಹೇಳದೆಯೇ ಒಂದು ಒಪ್ಪಂದಕ್ಕೆ ಬಂದೆವು. ಅದೇನೆಂದರೆ ನೋಡದಿರುವುದು. ಬೆಳಿಗ್ಗೆ ನಾನು ಸ್ನಾನ ಮಾಡದೆ ಕಾಫಿ ಕುಡಿಯುವ ಹೊತ್ತಿಗೆ ಅತ್ತೆ ಸರಿಯಾಗಿ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂರುತ್ತಾರೆ. ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ಪಕ್ಕ ಒಂದು ಕರೆಂಟ್ ಒಲೆ, ಒಂದು ಬಾಣಲೆ, ಒಂದು ಬುಟ್ಟಿ ಈರುಳ್ಳಿ ಇವೆ. ಅತ್ತೆ ಬಾಲ್ಕನಿಗೆ ಬಂದರೆ ಬೀದಿಯ ಕಡೆ ಮಾತ್ರ ನೋಡುತ್ತಾರೆ.

ನಾನೂ ಅತ್ತೆಯ ಒಂದು ವಿಷಯವನ್ನು ನೋಡುವುದಿಲ್ಲ. ಅದು ಬೆಕ್ಕಿನ ವಿಷಯ.

ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಬೀದಿಯ ಬೆಕ್ಕು ಮೂರನೆಯ ಮಹಡಿಗೆ ಹತ್ತಿ ಬರುವುದೂ ಇಲ್ಲ. ಆದರೆ ಪ್ರತಿ ಏಕಾದಶಿಗೂ ನಮ್ಮಲ್ಲಿ ಬೆಕ್ಕಿಗೆ ಹಾಲಿಡುತ್ತೇವೆ. ಅತ್ತೆಗೆ ಸಕ್ಕರೆ ಕಾಯಿಲೆ, ಬಿ.ಪಿ. ಎರಡೂ ಬಂದಾಗ ಡಾಕ್ಟರು ‘ಇನ್ನು ಉಪವಾಸ ಕೂಡದು, ಬಿದ್ದುಹೋಗ್ತೀರಿ’ ಎಂದು ಕಡ್ಡಿ ಮುರಿದಂತೆ ಹೇಳಿದರು. ‘ಪ್ರಾಣ ಹೋದ್ರೂ ಏಕಾದಶಿ ಬಿಡಲ್ಲ’ ಎಂದು ಅತ್ತೆ ಇನ್ನೊಂದು ಕಡ್ಡಿ ಮುರಿದರು. ಅದಾದ ಮೊದಲ ಏಕಾದಶಿಯ ಮಧ್ಯಾಹ್ನ ನಾನು ಒಂದು ದೊಡ್ಡ ಲೋಟ ಹಾಲಿನಲ್ಲಿ ಅವಲಕ್ಕಿ ನೆನೆಸಿ, ಮಾತ್ರೆಯ ಜೊತೆ ದೇವರ ಕೋಣೆಯ ಬಾಗಿಲ ಹಿಂದೆ ಇಟ್ಟು, ‘ಬೆಕ್ಕಿಗೆ ಇಟ್ಟಿದೀನಿ’ ಎಂದು ಗೋಡೆಗೆ ಹೇಳಿದೆ. ಅತ್ತೆ ಜಪಕ್ಕೆಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಗಿಲು ತೆಗೆದಾಗ ಲೋಟ ಖಾಲಿ. ಮಾತ್ರೆಯೂ ಇಲ್ಲ. ಅಂದಿನಿಂದ ಈ ಬೆಕ್ಕು ಒಂದು ಏಕಾದಶಿಯನ್ನೂ ತಪ್ಪಿಸಿಲ್ಲ. ಹಾಲಿಗೆ ಸಕ್ಕರೆ ಹಾಕುವುದಿಲ್ಲ, ಏಕೆಂದರೆ ಬೆಕ್ಕಿಗೆ ಡಯಾಬಿಟೀಸ್.

ಇಂಥ ಸುಖೀ ಸಂಸಾರಕ್ಕೆ ಕದ್ರಿ ಬಂದಳು.

ಬಂದ ದಿನವೇ ಅತ್ತೆ ‘ಏನಮ್ಮಾ ನಿನ್ನ ಹೆಸರು?’ ಎಂದು ಕೇಳಿ, ಉತ್ತರ ಕೇಳಿದ ಕೂಡಲೇ ಎರಡೂ ಕೈ ಎತ್ತಿ ಮುಗಿದರು. ‘ಕದ್ರಿ! ಸಾಕ್ಷಾತ್ ಮಂಜುನಾಥನ ಸನ್ನಿಧಾನ. ನಮ್ಮಪ್ಪನ ಜೊತೆ ಚಿಕ್ಕೋಳಿದ್ದಾಗ ಹೋಗಿದ್ದೆ. ಅಲ್ಲೆಲ್ಲೋ ಹಿಮದಲ್ಲಿ ಹುಟ್ಟಿದ ಹುಡುಗಿಗೆ ಈ ಹೆಸರು ಇಡಬೇಕಾದ್ರೆ ಪೂರ್ವಜನ್ಮದ ಬಂಧ ಇರಬೇಕು ಕಣೋ ಮುರಳಿ.’ ನಮ್ಮವರು ಇರಬಹುದು ಎಂದರು. ಅವರು ಯಾರಿಗೂ ಇಲ್ಲ ಎನ್ನುವುದಿಲ್ಲವಷ್ಟೆ.

ಮರುದಿನ ಬೆಳಿಗ್ಗೆ ನಾನು ಕಣ್ಣುಜ್ಜಿಕೊಂಡು ಕಾಫಿ ಡಿಕಾಕ್ಷನ್ನಿನ ಕಡೆ ಹೊರಟರೆ ಅಡುಗೆಮನೆಯ ಹೊಸಿಲಲ್ಲಿ ಕದ್ರಿ ನಿಂತಿದ್ದಳು. ಸ್ನಾನವಾಗಿತ್ತು. ಒದ್ದೆ ಕೂದಲಿಗೆ ತುದಿಗಂಟು. ಕೈಯಲ್ಲಿ ಅತ್ತೆಯ ಮಡಿಕೋಲು.

‘ರಂಜನಿ, ಸ್ನಾನ ಆಯ್ತಾ?’ ಎಂದಳು, ಪ್ರೀತಿಯಿಂದ.

ಹಿಂದೆ ಅತ್ತೆ ಧ್ಯಾನದಲ್ಲಿ ಕೂತಿದ್ದರು. ಕಣ್ಣು ತೆರೆದಿತ್ತು! ಅವರಾದರೂ ಏನು ಮಾಡಿಯಾರು? ಶಿಷ್ಯೆ ಎದುರಿಗೆ ನಿಂತು ಗಟ್ಟಿಯಾಗಿ ಕೇಳಿದ ಮೇಲೆ ಗುರುಗಳು ಕಾಣಲಿಲ್ಲ ಎನ್ನುವುದು ಹೇಗೆ? ‘ನೋ ಬಾತ್, ನೋ ಕಾಫಿ’ ಎಂದು ತೀರ್ಪು ಕೊಟ್ಟರು. (ಅತ್ತೆಯ ಇಂಗ್ಲಿಷು ಹಳೆಯ ಮದರಾಸಿನ ಹೈಸ್ಕೂಲಿನದು. ಕ್ರಿಯಾಪದಗಳ ದುಂದುವೆಚ್ಚ ಇಲ್ಲ.) ನಾನು ತಲೆನೋವು ಹೊತ್ತುಕೊಂಡು ಬಚ್ಚಲಿಗೆ ಹೋದೆ.

ಅಂದಿನಿಂದ ನನ್ನ ವನವಾಸ. ಬಾಲ್ಕನಿಯ ಒಲೆ ಏಕೆ ಎಂದು ಕೇಳಿದಳು. ಹಳೆಯ ಸಾಮಾನು ಎಂದು ಸುಳ್ಳು ಹೇಳಿ ಈರುಳ್ಳಿ ಬುಟ್ಟಿಯನ್ನು ಕೆಳಗಿನ ಮನೆಯ ವಾಸಂತಿಗೆ ಕೊಟ್ಟುಬಂದೆ. ಚಾಪೆಯ ಮೇಲೆ ಮಲಗುವ ಮನೆಯಲ್ಲಿ ಮಂಚಗಳೇಕೆ ಎಂದು ಕೇಳಿದಳು. ಅವತ್ತಿನಿಂದ ನಾವೂ ನೆಲಕ್ಕಿಳಿದೆವು. ಅತ್ತೆ ಮಾತ್ರ ಹತ್ತು ವರ್ಷ ಚಿಕ್ಕವರಾದರು. ಅವರ ಮಡಿಗೆ ಮನೆಯಲ್ಲಿ ಎಷ್ಟೋ ಕಾಲದಿಂದ ಕಿವಿಗೊಡುವವರೇ ಇರಲಿಲ್ಲ. ಈಗ ಹಿಟ್ಟಿನ ರಂಗೋಲಿ ಏಕೆ, ಒಣಬಟ್ಟೆ ಕೋಲಲ್ಲಿ ಏಕೆ ಎತ್ತಬೇಕು ಎಂದು ಒಂದೊಂದನ್ನೂ ಕೇಳಿ ತಿಳಿಯುವ ಜೀವ ಸಿಕ್ಕಿತ್ತು. ಆಫೀಸಿನಿಂದ ಬಂದ ಕೂಡಲೇ ಕದ್ರಿ ಅತ್ತೆಯ ಎದುರು ಕಾಲು ಮಡಿಸಿ ಕೂರುವಳು. ಅತ್ತೆಯ ಮುಖ ನೋಡಿ ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು. ಕಾಫಿ ಕುಡಿದಿದ್ದರೆ ಸಂತೋಷ ಇನ್ನೂ ಸ್ವಲ್ಪ ಜಾಸ್ತಿಯಾಗುತ್ತಿತ್ತೇನೋ.

ಒಂದು ಸಂಜೆ ಅತ್ತೆ ಉತ್ಸಾಹದಲ್ಲಿ ಹೇಳಿಬಿಟ್ಟರು. ‘ಮದುವೆಯಾಗಿ ಈ ಮನೆಗೆ ಬಂದ ಮೇಲೆ ಒಂದು ಏಕಾದಶಿಗೂ ನಾ ತೊಟ್ಟು ನೀರು ಮುಟ್ಟಿಲ್ಲ. ನಾಟ್ ಒನ್ ಡ್ರಾಪ್.’

ಕದ್ರಿ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಅವಳೂರಿನಲ್ಲಿರುವ ಅಜ್ಜಿಗೆ ಕಳಿಸಿದಳು. ಆ ಅಜ್ಜಿ ಅಲ್ಲಿಂದ ನಮ್ಮ ಅಜ್ಜಿಗೆ ಅಭಿನಂದನೆ ಹೇಳಿ ಕಳಿಸಿದರು. ನಾನು ಗೋಡೆ ನೋಡುತ್ತ ಕೂತಿದ್ದೆ.

ಏಕಾದಶಿ ಬಂತು. ನಮ್ಮವರಿಗೆ ಅಂದು ಎಂದೂ ಇಲ್ಲದ ಅರ್ಜೆಂಟ್ ಮೀಟಿಂಗ್ ಬಂದು, ಕ್ಯಾಂಟೀನ್ ಇರುವ ಆಫೀಸಿಗೆ ಬೇಗನೆ ಹೊರಟುಹೋದರು. ವಿಭಾ ಪರೀಕ್ಷೆಗೆ ಓದುವ ರಜೆಯಲ್ಲಿದ್ದಳು; ಬಾಗಿಲು ಹಾಕಿಕೊಂಡು ಬಿಸ್ಕತ್ತಿನ ಸಮೇತ ಓದುತ್ತಿದ್ದಳು. ಕದ್ರಿ ರಜೆ ಹಾಕಿದ್ದಳು. ‘ಇವತ್ತು ಪೂರ್ತಿ ಅಜ್ಜಿಯ ಜೊತೆ ಕೂತು ಉಪವಾಸ ಮಾಡ್ತೀನಿ. ಒಬ್ಬರನ್ನೇ ಬಿಡಲ್ಲ’ ಎಂದಳು. ಎಲ್ಲರೂ ಉಪವಾಸ ಎಂದು ಹೇಳಿದ ತಪ್ಪಿಗೆ ನಾನೂ ಉಪವಾಸ.

ಮಧ್ಯಾಹ್ನ ನಾನು ಲೋಟ ಮುಚ್ಚಿಕೊಂಡು ದೇವರ ಕೋಣೆಯ ಕಡೆ ಮೆಲ್ಲಗೆ ಹೋಗುತ್ತಿದ್ದಾಗ ಸಿಕ್ಕಿಬಿದ್ದೆ.

‘ರಂಜನಿ! ಉಪವಾಸದ ದಿನ ಹಾಲು?’

‘ಬೆಕ್ಕಿಗೆ’ ಎಂದೆ. ಅಷ್ಟು ವರ್ಷದ ಅಭ್ಯಾಸ, ಬಾಯಿಂದ ತಾನಾಗಿ ಬಂತು.

ಅವಳು ಎದ್ದು ಕುಣಿಯುವುದೊಂದು ಬಾಕಿ. ‘ನಿಮ್ಮಲ್ಲಿ ಬೆಕ್ಕಿದೆಯಾ? ನಾನು ನೋಡಲೇ ಇಲ್ಲ! ನನಗೆ ಬೆಕ್ಕು ಅಂದ್ರೆ ಪ್ರಾಣ.’

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಛಾವಣಿ ನೋಡಿ, ‘ವೆರಿ ಶೈ ಕ್ಯಾಟ್’ ಎಂದರು.

‘ಜನ ಇದ್ರೆ ಅದು ಬರಲ್ಲಮ್ಮಾ’ ಎಂದೆ ನಾನು. ‘ನೀನು ಸ್ವಲ್ಪ ಆ ರೂಮಿಗೆ ಹೋಗಿ...’

‘ಯೋಚನೆ ಮಾಡಬೇಡಿ’ ಎಂದಳು. ‘ನಮ್ಮ ಕಾಡಿನಲ್ಲಿ ಲಿಂಕ್ಸ್ ಅಂತ ಒಂದು ದೊಡ್ಡ ಕಾಡುಬೆಕ್ಕಿದೆ. ಅದನ್ನ ನೋಡೋಕೆ ಹಿಮದಲ್ಲಿ ಇಡೀ ದಿನ ಅಲ್ಲಾಡದೆ ಕೂತಿದ್ದೀನಿ. ಬೆಕ್ಕಿಗೆ ನಾನಿರೋದೇ ಗೊತ್ತಾಗಲ್ಲ.’ ಹಾಗೆಂದವಳೇ ಫೋನು ಹಿಡಿದು ದೇವರ ಕೋಣೆಯ ಬಾಗಿಲಿಗೆ ಎದುರಾಗಿ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಅತ್ತೆ ಜಪಕ್ಕೆ ಒಳಗೆ ಹೋಗಬೇಕು ಎಂದರೆ, ‘ಬಾಗಿಲು ತೆಗೆದೇ ಇರಲಿ ಅಜ್ಜಿ, ನಾನೂ ಇಲ್ಲಿಂದಲೇ ಜಪ ಮಾಡ್ತೀನಿ’ ಎಂದಳು. ಅತ್ತೆ ಒಳಗೆ ಮಣೆಯ ಮೇಲೆ ಕೂತರು. ನಾನು ಒಳಗಿಟ್ಟ ಲೋಟ ಅವರ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಕೈ ಚಾಚುವ ಹಾಗಿರಲಿಲ್ಲ.

ಹೊತ್ತು ಏರಿತು. ಬೀದಿಯಲ್ಲಿ ಎಳನೀರಿನವನೂ ಕೂಗುವುದನ್ನು ನಿಲ್ಲಿಸಿದ. ಅಷ್ಟರಲ್ಲಿ ಕರೆಂಟ್ ಹೋಯಿತು. ಇನ್ವರ್ಟರಿನಲ್ಲಿ ಹಾಲ್‌ನ ಫ್ಯಾನ್ ಮಾತ್ರ ತಿರುಗುತ್ತದೆ, ದೇವರ ಕೋಣೆಗೆ ಗಾಳಿಯಿಲ್ಲ. ನಾನು ವಿಭಾಳ ರೂಮಿಗೆ ಓಡಿದೆ.

‘ಆ ಹುಡುಗೀನ ಬೀಚಿಗೋ ಕಪಾಲಿ ಗುಡಿಗೋ ಎಲ್ಲಿಗಾದ್ರೂ ಕರ್ಕೊಂಡು ಹೋಗೇ. ಅಜ್ಜಿ ಮಾತ್ರೆ ತಗೋಬೇಕು.’

‘ಇಂದ ವೆಯಿಲ್‌ಲೆಯಾ? ಅವ ವರಮಾಟ್ಟಾಮಾ’ ಎಂದಳು. ಈ ಬಿಸಿಲಲ್ಲಿ ಅವಳು ಏಳುವುದಿಲ್ಲವೆನ್ನುವುದು ನನಗೂ ಗೊತ್ತಿತ್ತು. ‘ಪೇಸಾಮೆ ಉಣ್ಮೈಯ ಸೊಲ್ಲಿಡು.’

ಸುಮ್ಮನೆ ನಿಜ ಹೇಳಿಬಿಡಬೇಕಂತೆ. ಓದಿದ ಮಕ್ಕಳಿಗೆ ಎಲ್ಲವೂ ಸುಲಭ.

ಹೇಳೋಣವೆಂದೇ ಹೊರಗೆ ಬಂದೆ. ‘ಕದ್ರಿ, ಆ ಬೆಕ್ಕಿನ ವಿಷಯ...’ ಎಂದು ಬಾಯಿ ತೆರೆದೆ. ಅತ್ತೆ ಒಳಗಿನಿಂದ ನನ್ನನ್ನು ನೋಡಿದರು. ನಾನು ಈ ಮನೆಗೆ ಕಾಲಿಟ್ಟಾಗಿನಿಂದ ಅವರು ನನ್ನನ್ನು ಬೈದಿದ್ದಾರೆ, ಹಂಗಿಸಿದ್ದಾರೆ, ಕೆಲವು ಸಲ ಹೊಗಳಿಯೂ ಇದ್ದಾರೆ. ಬೇಡಿಕೊಂಡದ್ದು ಎಂದೂ ಇಲ್ಲ. ಆ ನೋಟ ಬೇಡುವ ನೋಟ. ಎಷ್ಟೋ ವರ್ಷದ ಮೇಲೆ ಅವರ ಮಾತನ್ನು ನಂಬಿ ಕೂತ ಒಬ್ಬಳೇ ಒಬ್ಬಳ ಎದುರು ಅವರನ್ನು ಸುಳ್ಳುಗಾತಿ ಮಾಡಬೇಕಾಗಿತ್ತು. ನನ್ನಿಂದಾಗಲಿಲ್ಲ.

‘ಬೆಕ್ಕಿನ ವಿಷಯ?’ ಎಂದಳು ಕದ್ರಿ, ಬಾಗಿಲಿನಿಂದ ಕಣ್ಣು ತೆಗೆಯದೆ.

‘ಬಣ್ಣ ಬಿಳಿ’ ಎಂದೆ.

ಆಗಲೇ ಅತ್ತೆಯ ಕೈಯಿಂದ ಜಪಮಣಿ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದರು, ಬೆರಳು ನಡುಗುತ್ತಿತ್ತು, ಮಣಿ ಸಿಕ್ಕಲಿಲ್ಲ. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ನನಗೆ ಹೆದರಿಕೆಯಾಯಿತು. ನಿಜವಾದ ಹೆದರಿಕೆ. ಇವರು ಇಲ್ಲೇ ಕುಸಿದರೆ ನ್ಯಾಯವಾಗಿ ಅದು ನನ್ನ ತಲೆಯ ಮೇಲೆ. ಹೋಟೆಲಿಗೆ ಹೋಗಲಿ ಎಂದು ಮಡಿಯ ಪುರಾಣ ಹೇಳಿದವಳು ನಾನು ತಾನೆ? ಬಚ್ಚಲಲ್ಲಿ ಕದ್ದು ಹಾಲು ಕೊಡೋಣವೆಂದರೆ ಅತ್ತೆ ಪ್ರಾಣ ಬಿಟ್ಟಾರು, ಬಚ್ಚಲಲ್ಲಿ ಬಾಯಿಗೆ ಹಾಕಿಕೊಳ್ಳಲಾರರು.

ಕದ್ರಿ ಅಲ್ಲಿಂದ ಏಳಬೇಕಾದರೆ ಈ ಮನೆಯಲ್ಲಿ ಬೇರೆ ಯಾರಾದರೂ ಬೀಳಬೇಕು. ಉಳಿದದ್ದು ನಾನೊಬ್ಬಳೇ.

ಜಾಗ ನೋಡಿಕೊಂಡೆ. ಸೋಫಾದ ಮೇಲೆ ಬಿದ್ದರೆ ಮಲಗಿದಂತೆ ಕಾಣುತ್ತದೆ. ಹಾಲ್‌ನ ಆ ತುದಿ, ಬಾಲ್ಕನಿಯ ಬಾಗಿಲ ಬಳಿ, ದೇವರ ಕೋಣೆಗೆ ಕಾಣದ ಮೂಲೆ. ‘ಅಯ್ಯೋ, ಕಣ್ಣು ಕತ್ತಲೆ ಬರ್ತಿದೆ’ ಎಂದು ಕೂಗಿ ಧಡ್ ಎಂದು ಬಿದ್ದೆ. ಟೀಪಾಯಿ ಇರುವುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊಣಕಾಲು ಅದಕ್ಕೆ ತಾಗಿ ನಿಜವಾಗಿಯೇ ಕಣ್ಣು ಕತ್ತಲೆ ಬಂತು. ಬೆಳಗಿನಿಂದ ಹೊಟ್ಟೆಗೆ ಏನೂ ಇರಲಿಲ್ಲ. ಆದ್ದರಿಂದ ನಟನೆ ಎಷ್ಟು, ಮೂರ್ಛೆ ಎಷ್ಟು ಎಂಬುದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ.

ಕದ್ರಿ ಓಡಿಬಂದಳು. ಅವರ ದೇಶದಲ್ಲಿ ಎಲ್ಲರಿಗೂ ಪ್ರಥಮ ಚಿಕಿತ್ಸೆ ಕಲಿಸಿರುತ್ತಾರೋ ಏನೋ. ನನ್ನ ಎರಡು ಕಾಲನ್ನೂ ಎತ್ತಿ ಹೆಗಲ ಮೇಲಿಟ್ಟುಕೊಂಡಳು. ಗೌರವಸ್ಥ ಮನೆತನದ ಸೊಸೆ ಹಾಲ್‌ನ ಮೂಲೆಯಲ್ಲಿ ಕಾಲು ಮೇಲೆ ಮಾಡಿ ಮಲಗಿದ್ದಾಯಿತು.

ವಿಭಾ ಬಂದು ಬಗ್ಗಿ ನೋಡಿ ನನ್ನ ಕಿವಿಯಲ್ಲಿ, ‘ಓವರ್ ಆಕ್ಟಿಂಗ್‌ಮಾ’ ಎಂದಳು.

‘ನೀರು, ಸಕ್ಕರೆ, ಉಪ್ಪು! ಬೇಗ!’ ಎಂದು ಕದ್ರಿ ಕೂಗಿದಳು.

ನಾನು ಕಣ್ಣು ಬಿಡಲಿಲ್ಲ. ಕಿವಿ ಮಾತ್ರ ದೇವರ ಕೋಣೆಯ ಕಡೆ ನೆಟ್ಟಿತ್ತು. ಮಣೆ ಸರಿದ ಸದ್ದು. ಹೆಜ್ಜೆ. ಬಾಗಿಲು ಕಿರುಗುಟ್ಟಿ ಮುಚ್ಚಿಕೊಂಡಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಅವಲಕ್ಕಿ ಅಗಿಯಬೇಕಲ್ಲ, ಹಲ್ಲು ಕಟ್ಟಿಸಿದ್ದು. ಇಲ್ಲಿ ಕದ್ರಿ ನನ್ನ ಕೆನ್ನೆ ತಟ್ಟುತ್ತಿದ್ದಳು, ತಟ್ಟುವುದು ಬರಬರುತ್ತ ಹೊಡೆಯುವುದೇ ಆಗುತ್ತಿತ್ತು. ಕೊನೆಗೊಮ್ಮೆ ಸ್ಟೀಲ್ ಲೋಟ ನೆಲಕ್ಕೆ ತಗುಲಿದ ಸದ್ದು ಕೇಳಿಸಿತು. ಅಷ್ಟು ಇಂಪಾದ ಸದ್ದನ್ನು ನಾನು ಡಿಸೆಂಬರ್ ಕಚೇರಿಗಳಲ್ಲೂ ಕೇಳಿಲ್ಲ. ನಾನು ಕಣ್ಣು ಬಿಟ್ಟೆ.

ಕದ್ರಿ ತನ್ನ ಕೈಯಾರೆ ಸಕ್ಕರೆ ನೀರು ಕುಡಿಸಿದಳು, ಬಾಳೆಹಣ್ಣು ತಿನ್ನಿಸಿದಳು. ‘ಪರವಾಗಿಲ್ಲ ರಂಜನಿ, ಇದರಲ್ಲಿ ನಾಚಿಕೆ ಏನಿಲ್ಲ’ ಎಂದು ಸಮಾಧಾನ ಬೇರೆ. ಅಷ್ಟರಲ್ಲಿ ಬಾಗಿಲು ತೆರೆದು ಅತ್ತೆ ಬಂದರು. ನಡಿಗೆಯಲ್ಲಿ ಹೊಸ ಚೈತನ್ಯ. ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ನೋಡಿದರು.

‘ಏನಾಯ್ತು ಇವಳಿಗೆ? ಉಪವಾಸ ತಡೀಲಿಲ್ವಾ?’

ನನ್ನ ಬಾಯಿ ತುಂಬ ಬಾಳೆಹಣ್ಣಿತ್ತು.

‘ನೋಡು ಕದ್ರಿ’ ಎಂದು ಶಿಷ್ಯೆಯ ಕಡೆ ತಿರುಗಿದರು. ‘ಐ, ಓಲ್ಡ್ ವುಮನ್. ಶುಗರ್, ಬಿ.ಪಿ., ಆಲ್. ಬಟ್ ಐ, ಸ್ಟ್ಯಾಂಡಿಂಗ್. ಶೀ, ಯಂಗ್. ಫಾಲಿಂಗ್! ಈಗಿನವರಿಗೆ ಮನಸ್ಸಿನಲ್ಲಿ ಗಟ್ಟಿ ಇಲ್ಲಮ್ಮಾ. ದಿನಾ ಎದ್ದಕೂಡಲೇ ಕಾಫಿ ಕುಡಿದು ಕುಡಿದು ರಕ್ತ ಸತ್ತುಹೋಗಿದೆ.’

ನನಗೆ ಮೈ ಉರಿಯಿತು. ಅವರ ಗದ್ದದ ಮೇಲೆ ಅವಲಕ್ಕಿಯ ಒಂದು ಚೂರು ಅಂಟಿಕೊಂಡಿತ್ತು. ಒಂದು ಕ್ಷಣ ಅದನ್ನು ಹಾಗೇ ಬಿಟ್ಟುಬಿಡೋಣ, ಕದ್ರಿ ನೋಡಲಿ ಎನ್ನಿಸಿತು. ಆಮೇಲೆ ‘ಬೆವರುತ್ತಿದೀರಿ ಅತ್ತೆ’ ಎಂದು ನನ್ನ ಸೆರಗಿನಿಂದಲೇ ಒರೆಸಿದೆ.

ಕದ್ರಿ ದೇವರ ಕೋಣೆಗೆ ಇಣುಕಿ ಚೀರಿದಳು. ‘ಲೋಟ ಖಾಲಿ! ಬೆಕ್ಕು ಬಂದು ಹೋಗಿದೆ! ಅಯ್ಯೋ, ನಾನು ನೋಡಲೇ ಇಲ್ಲ!’

‘ಕೇಮ್. ಡ್ರ್ಯಾಂಕ್. ವೆಂಟ್’ ಎಂದರು ಅತ್ತೆ.

ಮಾರನೆಯ ದಿನ ದ್ವಾದಶಿಯ ಪಾರಣೆ ಮುಗಿಯುವ ಹೊತ್ತಿಗೆ ನನ್ನ ಮೂರ್ಛೆಯ ಸುದ್ದಿ ಬಿಲ್ಡಿಂಗಿನ ಕೆಳತುದಿಯವರೆಗೂ ಇಳಿದಿತ್ತು. ಅತ್ತೆ ಲಿಫ್ಟಿಗಾಗಿ ಕಾಯುವಾಗ ಸಿಕ್ಕವರಿಗೆಲ್ಲ ಹೇಳಿದ್ದರು. ಲಿಫ್ಟ್ ಕೆಟ್ಟಿತ್ತು, ಆದ್ದರಿಂದ ಬಹಳ ಜನ ಸಿಕ್ಕಿದ್ದರು. ವಾಸಂತಿ ದಾಳಿಂಬೆ ರಸ ತಂದುಕೊಟ್ಟು ನನ್ನ ಕಣ್ಣಿನ ಕೆಳಗಿನ ರೆಪ್ಪೆ ಎಳೆದು ನೋಡಿ, ‘ಬಿಳಿಚಿಕೊಂಡಿದೆ’ ಎಂದಳು. ನಮ್ಮವರು ಸಂಜೆ ಎರಡು ಡಬ್ಬ ಟಾನಿಕ್ಕಿನ ಪುಡಿ ಹಿಡಿದುಕೊಂಡು ಬಂದರು. ಆಫೀಸಿನವರು ಕೊಟ್ಟು ಕಳಿಸಿದ್ದಂತೆ. ಚೆನ್ನೈಗೆ ಬರುವ ಪರದೇಶದ ಸಹೋದ್ಯೋಗಿಗಳಿಗಾಗಿ ಕದ್ರಿ ಆಫೀಸಿನ ಪುಟದಲ್ಲಿ ಸಲಹೆ ಬರೆದಿದ್ದಳಂತೆ. ನಮ್ಮವರು ಹಿಂಜರಿಯುತ್ತ ಓದಿ ಹೇಳಿದರು: ‘ಇಲ್ಲಿಯ ಹಿರಿಯರ ಶಕ್ತಿ ಅದ್ಭುತ, ಅವರಿಂದ ಕಲಿಯಿರಿ. ಸೊಸೆಯಂದಿರು ಅಷ್ಟು ಗಟ್ಟಿಯಲ್ಲ. ಮಧ್ಯಾಹ್ನದ ಹೊತ್ತಿಗೆ ಬೀಳಬಹುದು, ಸಕ್ಕರೆ ನೀರು ಸಿದ್ಧವಾಗಿರಲಿ.’

‘ಇದನ್ನ ಎಲ್ಲರೂ ಓದಿದಾರಾ?’

‘ಎಲ್ಲರೂ ಅಲ್ಲ... ನಮ್ಮ ದೇಶದೋರು ಮತ್ತೆ ಯುರೋಪಿನೋರು.’

ಕದ್ರಿ ಹೊರಡುವ ದಿನ ಬಂತು. ಅತ್ತೆಗೆ ಉದ್ದಂಡ ನಮಸ್ಕಾರ ಮಾಡಿದಳು. ಅತ್ತೆ ರವಿಕೆ ಕಣ, ತೆಂಗಿನಕಾಯಿ ಕೊಟ್ಟು ಕಣ್ಣೊರೆಸಿಕೊಂಡರು. ಟ್ಯಾಕ್ಸಿಯವರೆಗೆ ಸಾಮಾನು ಹೊತ್ತುಕೊಂಡು ಹೋದವಳು ನಾನು. (ರಕ್ತವಿಲ್ಲದವಳು.) ನನಗೆ ಅವಳ ಮೇಲೆ ಸಿಟ್ಟಿತ್ತು, ಮುಖ ಕೊಟ್ಟು ಮಾತಾಡಲಿಲ್ಲ.

ಟ್ಯಾಕ್ಸಿಯ ಬಾಗಿಲು ಹಿಡಿದು ಅವಳು ಮೆಲ್ಲಗೆ ಹೇಳಿದಳು. ‘ರಂಜನಿ, ಅವತ್ತು ಬಿದ್ದಿದ್ದಕ್ಕೆ ಥ್ಯಾಂಕ್ಸ್. ನನಗೂ ತುಂಬಾ ಹೆದರಿಕೆಯಾಗಿತ್ತು. ಅಜ್ಜಿಯ ಕೈ ನಡುಗೋದು ನೋಡಿ ಹೇಗೆ ಏಳೋದು ಅಂತ ನೆಪ ಹುಡುಕ್ತಿದ್ದೆ.’

‘ನಿಂಗೆ ಗೊತ್ತಿತ್ತಾ?’ ಎಂದೆ.

‘ಮೊದಲು ಗೊತ್ತಿರಲಿಲ್ಲ. ನೀವು ಬಣ್ಣ ಬಿಳಿ ಅಂದಾಗ ಅಜ್ಜಿಯ ತಲೆಗೂದಲು ನೋಡಿದೆ. ಆಮೇಲೆ ತಿಳೀತು.’

ನನ್ನ ಸಿಟ್ಟೆಲ್ಲ ಇಳಿಯಿತು. ಈ ಮನೆಯಲ್ಲಿ ನೋಡದಿರುವುದನ್ನು ನನಗೆ ಕಲಿಯಲು ಇಪ್ಪತ್ತು ವರ್ಷ ಹಿಡಿದಿತ್ತು. ‘ಮತ್ತೆ ಆಫೀಸಿಗೆ ಹಾಗೆ ಬರೆದದ್ದು?’ ಎಂದೆ.

‘ಅಜ್ಜಿಯ ಮಾನ ಉಳಿಸಬೇಕಿತ್ತಲ್ಲ’ ಎಂದಳು ಆ ಪುಣ್ಯಾತಗಿತ್ತಿ. ‘ನಿಮ್ಮ ಮನೆಯಲ್ಲಿ ಯಾವುದನ್ನ ಮುಚ್ಚಿಡಬೇಕು, ಅದನ್ನ ಯಾರ ತಲೆಗೆ ಕಟ್ಟಬೇಕು ಅಂತ ನೋಡಿ ಕಲಿತೆ.’ ನನ್ನನ್ನು ತಬ್ಬಿಕೊಂಡು ಹೊರಟುಹೋದಳು.

ಮೂರು ಮಹಡಿ ಹತ್ತಿ ಮೇಲೆ ಬಂದೆ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ನನ್ನ ಕುಂಟುತ್ತಿದ್ದ ಮೊಣಕಾಲನ್ನು ನೋಡಿದರು. ಹತ್ತಿರ ಬಂದು ತಲೆ ಸವರಿದರು. ಅವರು ಹಾಗೆ ಮಾಡಿ ಯಾವ ಕಾಲವಾಗಿತ್ತೋ. ನನ್ನ ಕಣ್ಣಲ್ಲಿ ನೀರು ಬಂತು; ಕೊನೆಗೂ ಒಂದು ಒಳ್ಳೆಯ ಮಾತು ಹೇಳುತ್ತಾರೆ ಎಂದುಕೊಂಡೆ.

‘ಮುಂದಿನ ಏಕಾದಶಿಗೆ ನೀ ಉಪವಾಸ ಮಾಡಬೇಡಮ್ಮಾ’ ಎಂದರು ಅತ್ತೆ, ತುಂಬ ಅಂತಃಕರಣದಿಂದ. ‘ನಿನ್ನ ಕೈಲಾಗಲ್ಲ. ನಿನ್ನ ಪಾಲಿಂದೂ ನಾನೇ ಮಾಡ್ತೀನಿ.’

‘ಆಗಲಿ ಅತ್ತೆ’ ಎಂದೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ.

‘ಬೆಕ್ಕಿಗೆ ಮಾತ್ರ ಇನ್ನೊಂದು ಲೋಟ ಹಾಲು ಜಾಸ್ತಿ ಇಡು.’